ಹಾಲು ಬಿಡಿಸಿಬಿಟ್ವಿ, ಸರಿ ತಾನೆ?

ದೊಡ್ಡಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದವರ ಮನೆಯವರು ಕೇಳುವುದು ಇದೊಂದನ್ನೇ. ಕೇಳುವುದೇನು ಬಂತು, ವರದಿ ಒಪ್ಪಿಸುತ್ತಾರೆ: "ಹಾಲು-ಮೊಸರು ಪೂರ್ತಿ ಬಿಡಿಸಿಬಿಟ್ವಿ, ಸರಿ ತಾನೆ?" ತಿಂಗಳುಗಟ್ಟಲೆ ಬಿಡಿಸಿಟ್ಟು ಆಮೇಲೆ ಒಪ್ಪಿಗೆ ಬೇಕು. ಸರಿಯಲ್ಲ. ಇನ್ನು ಮುಂದೆ ಫೋನ್ ಮಾಡಿದವರಿಗೆ ಇದನ್ನೇ ಕಳಿಸುತ್ತೇನೆ.

ಇದು ಕೋಲಾರ. ಬೆಳಗಾದರೆ ಕ್ಯಾನು ಹಿಡಿದು ಡೇರಿ ಮುಂದೆ ನಿಲ್ಲುವ ಊರುಗಳು. ಕೊಟ್ಟಿಗೆಯ ಹಾಲು ಬೆಂಗಳೂರಿಗೆ, ಆ ಮನೆಯ ರೋಗಿಗೆ ಕರಿಕಾಫಿ! ಕಾರಣ, "ಹಾಲು ಗಡ್ಡೆ ಬೆಳೆಸುತ್ತಂತೆ". ಈ "ಅಂತೆ"ಯ ಮೂಲ ವಾಟ್ಸಾಪ್.

ಅಮೆರಿಕನ್ ಕ್ಯಾನ್ಸರ್ ಸೊಸೈಟಿಯವರ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಬೇರೆ ಅಂಗಗಳಿಗೆ ಹರಡದ ಕರುಳು-ಗುದನಾಳದ ಕ್ಯಾನ್ಸರ್ ಇದ್ದ 2,284 ಜನರದ್ದು. ರೋಗ ಗೊತ್ತಾದ ನಂತರದ ಊಟದ ಲೆಕ್ಕ ಕೊಟ್ಟವರಲ್ಲಿ, ಅತಿ ಹೆಚ್ಚು ಹಾಲು ಕುಡಿದ ಗುಂಪಿನ ಸಾವಿನ ಅಪಾಯ ಅತಿ ಕಡಿಮೆ ಕುಡಿದವರಿಗಿಂತ ಸುಮಾರು 28% ಕಡಿಮೆ. ಒಟ್ಟು ಕ್ಯಾಲ್ಸಿಯಂ ಲೆಕ್ಕ ಹಾಕಿದರೂ ಅಷ್ಟೇ. ವಿಟಮಿನ್ ಡಿ ಸೇವನೆಗೆ ಮಾತ್ರ ಅಂಥ ನಂಟು ಕಾಣಲಿಲ್ಲ. ಹಾಗಂತ ಹಾಲೇ ಬದುಕಿಸಿತು ಅನ್ನಬೇಡಿ. ಗಟ್ಟಿಯಾಗಿದ್ದವರು ಹೆಚ್ಚು ಕುಡಿದಿರಬಹುದು. ಇಂಥ ಅಧ್ಯಯನದ ಮಿತಿಯೇ ಅದು. ಆದರೆ ಹಾಲು ಕೊಲ್ಲುತ್ತದೆ ಅನ್ನಲು ಇಷ್ಟೂ ಆಧಾರವಿಲ್ಲ. ಕ್ಯಾಲ್ಸಿಯಂ ಕರುಳೊಳಗೆ ಪಿತ್ತಾಮ್ಲ, ಕೊಬ್ಬಿನಾಮ್ಲಗಳನ್ನು ಕರಗದ ಹಾಗೆ ಕಟ್ಟಿಹಾಕುತ್ತದೆ, ಅವು ಕರುಳಿನ ಒಳಪದರವನ್ನು ಕೆರಳಿಸುವುದು ತಪ್ಪುತ್ತದೆ ಎನ್ನುವುದು ಅಧ್ಯಯನದಲ್ಲಿ ಕಂಡ ಈ ನಂಟಿಗೆ ಕೊಡುವ ವಿವರಣೆ.

"ನಾವು ಮಜ್ಜಿಗೆ ಕೊಡ್ತೀವಲ್ಲ" ಅನ್ನುವವರಿಗೆ ಲೆಕ್ಕ. ವಯಸ್ಕರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1,000 ಮಿಲಿಗ್ರಾಂ. ಕಾಲು ಲೀಟರ್ ಹಸುವಿನ ಹಾಲಲ್ಲಿ ಸುಮಾರು 300. ನಮ್ಮ ಕಡೆಯ ನೀರುಮಜ್ಜಿಗೆ ಒಂದು ಲೋಟದಲ್ಲಿ ಅರವತ್ತು ಬಂದರೆ ಹೆಚ್ಚು. ಕೆನೆ ತೆಗೆದರೆ ಕ್ಯಾಲ್ಸಿಯಂ ಹೋಗುವುದಿಲ್ಲ, ನೀರು ಬೆರೆಸಿದರೆ ಹೋಗುತ್ತದೆ. ತುಪ್ಪ-ಬೆಣ್ಣೆಯಲ್ಲಿ ಇಲ್ಲವೇ ಇಲ್ಲ ಅನ್ನಿ. ನೂರು ಗ್ರಾಂ ರಾಗಿಯಲ್ಲಿ 350ರ ಆಸುಪಾಸು ಇದೆ, ಆದರೆ ಕಾಳಿನಲ್ಲೇ ಇರುವ ಫೈಟೇಟ್ ಎಂಬ ಅಂಶ ಅದರಲ್ಲಿ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿ ಹುರಿದು ಬೀಸಿದರೆ ವಾಸಿ. ಮಾತ್ರೆ ಕೊಟ್ಟಿದ್ದರೆ ಚೀಟಿ ಓದಿ: 1,250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಅಂದರೆ ಸಿಗುವ ಕ್ಯಾಲ್ಸಿಯಂ 500. ಊಟದ ಜೊತೆ ನುಂಗಬೇಕು. ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ, ಕಬ್ಬಿಣದ್ದಕ್ಕೆ ಎರಡು. ಕಿಡ್ನಿ ಕಲ್ಲು ಆಗಿದ್ದವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಹಾಲು ನಿಲ್ಲಿಸುವ ಸಂದರ್ಭ ಇಲ್ಲವೆಂದಲ್ಲ. ಫ್ಲೋರೊಯುರಾಸಿಲ್ ಅಥವಾ ಕೆಪೆಸಿಟಬಿನ್ ಎಂಬ ಕಿಮೊ ಔಷಧಿ ನಡೆಯುವಾಗ ಕೆಲವರಿಗೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬರ, ಭೇದಿ. ಆಗ ಹಾಲು ನಿಲ್ಲಿಸಿ ಮೊಸರು ಕೊಟ್ಟು ನೋಡಿ. ಭೇದಿ ನಿಂತು ಕೆಲವು ದಿನವಾದ ಮೇಲೆ ಹಾಲು ಮತ್ತೆ ಕಾಲು ಲೋಟದಿಂದ ಶುರು. ಇದು ಸಾಮಾನ್ಯವಾಗಿ ತಾತ್ಕಾಲಿಕ. ಭೇದಿ ನಿಲ್ಲದಿದ್ದರೆ ತಪ್ಪು ಹಾಲಿನದ್ದಲ್ಲ, ಆಸ್ಪತ್ರೆಗೆ ಫೋನ್ ಮಾಡಿ. ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಕಿಮೊ ಔಷಧಿ ಹಾಕಿಸಿಕೊಂಡ ದಿನಗಳಲ್ಲಿ ಫ್ರಿಜ್ಜಿನ ಮಜ್ಜಿಗೆ ಬೇಡ, ಗಂಟಲು ಬಿಗಿದ ಹಾಗಾಗುತ್ತದೆ. ಹಸಿ ಹಾಲು ಯಾವತ್ತೂ ಬೇಡ, ಸ್ವಂತ ಹಸುವಿನದ್ದಾದರೂ.

ಇಷ್ಟೆಲ್ಲ ವಿಚಾರಿಸುವವರು "ರೋಗಿಯನ್ನ ಎಷ್ಟು ನಡೆಸಬೇಕು?" ಎಂದು ಕೇಳುವುದೇ ಇಲ್ಲ. ಹಾಲಿಗಿಂತ ಗಟ್ಟಿ ಪುರಾವೆ ಅಲ್ಲಿದೆ: ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ನಡೆಸಿದ ಪ್ರಯೋಗ, ಹೆಸರು ಚಾಲೆಂಜ್, 2025ರಲ್ಲಿ ಪ್ರಕಟ. ಆಪರೇಷನ್, ಕಿಮೊ ಮುಗಿಸಿದ 889 ಕರುಳು ಕ್ಯಾನ್ಸರ್ ರೋಗಿಗಳು. ಅರ್ಧದಷ್ಟು ಜನಕ್ಕೆ ವ್ಯಾಯಾಮದ ಪುಸ್ತಕ ಕೊಟ್ಟರು, ಉಳಿದವರಿಗೆ ಮೂರು ವರ್ಷ ಹಿಂದೆಬಿದ್ದು ವ್ಯಾಯಾಮ ಮಾಡಿಸಿದರು. ಎಂಟು ವರ್ಷಕ್ಕೆ ಬದುಕಿದ್ದವರು ಪುಸ್ತಕದ ಗುಂಪಿನಲ್ಲಿ 83.2%, ಮಾಡಿಸಿದ ಗುಂಪಿನಲ್ಲಿ 90.3%. ಗುರಿ ದೊಡ್ಡದೇನಲ್ಲ: ಈಗಿನ ಓಡಾಟದ ಮೇಲೆ ವಾರಕ್ಕೆ ಮೂರು-ನಾಲ್ಕು ದಿನ, ಮುಕ್ಕಾಲರಿಂದ ಒಂದು ಗಂಟೆ ಬಿರುಸು ನಡಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಸರ್ಜನ್ ಒಪ್ಪಿದ ಮೇಲೆ ಹತ್ತು ನಿಮಿಷದಿಂದ ಶುರುಮಾಡಿ, ವಾರವಾರ ಏರಿಸಿ. ಸ್ಟೋಮಾ (ಮಲ ಹೋಗಲು ಹೊಟ್ಟೆಯ ಮೇಲೆ ಮಾಡಿದ ದಾರಿ) ಇದ್ದವರು ಚೀಲ ಖಾಲಿ ಮಾಡಿ ಹೊರಡಿ, ಭಾರ ಎತ್ತಬೇಡಿ. ಡೇರಿಗೆ ಹಾಲು ಹಾಕಿ ಬರುವುದನ್ನು ಇದಕ್ಕೆ ಸೇರಿಸಬೇಡಿ; ಅದನ್ನು ಮೊದಲಿಂದ ಮಾಡುತ್ತಲೇ ಇದ್ದಿರಿ, ಇದು ಅದರ ಮೇಲಿನದ್ದು.