ಪರಕೆ ನೆಟ್ಟಿದ್ದೀಯೇನವ್ವಾ?

ಮಂಗಳವಾರದಿಂದ ಈ ಮಾತು ತಲೆಯಲ್ಲೇ ಸುತ್ತುತ್ತಿದೆ. ಕೇಳಿದ್ದು ಪೊರಕೆ ಮಾರುವ ಅಜ್ಜಿ. ತಲೆ ಮೇಲಿನ ಹೊರೆ ಇಳಿಸದೆ ಗೇಟಿನ ಹತ್ತಿರ ನಿಂತಿದ್ದಳು. ನಾನು ಪೈಪ್ ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದೆ.

"ಇದೇನು, ಪರಕೆ ನೆಟ್ಟಿದ್ದೀಯೇನವ್ವಾ? ಅದಕ್ಕೆ ನೀರು ಬೇರೆ!"

ಹೌದು, ಅದು ಪೊರಕೆ ಕಟ್ಟುವ ಹಂಚಿಕಡ್ಡಿ ಹುಲ್ಲೇ. ಎರಡು ವರ್ಷದ ಹಿಂದೆ ಮುಂಗಾರು ಶುರುವಾದಾಗ ಮಾವನ ಹೊಲದ ಬದುವಿನಿಂದ ನಾಲ್ಕು ಬುಡ ಕಿತ್ತು ತಂದು, ಸೀಳಿ, ಎರಡೆರಡು ಅಡಿಗೆ ಒಂದರಂತೆ ನೆಟ್ಟಿದ್ದೆ. ಅದಕ್ಕೂ ಮೊದಲು ನರ್ಸರಿಯವನು ಹೊಗಳಿದ ಕೆಂಪು ಫೌಂಟನ್ ಗ್ರಾಸ್ ಹಾಕಿದ್ದೆ. ಆಫ್ರಿಕಾ ಕಡೆಯದು, ನೋಡೋಕೆ ಚೆಂದ. ಆದರೆ ನಮ್ಮೂರಲ್ಲೇ ಇಂಥದ್ದು ಇರುವಾಗ ದುಡ್ಡು ಕೊಟ್ಟು ಯಾಕೆ ತರಬೇಕು ಅನ್ನಿಸಿತು. ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಕಡೆ ಹೋದರೆ ಗಾಳಿಗೆ ಇಡೀ ಇಳಿಜಾರೇ ಅಲೆಯಾಡುತ್ತದೆ. ಅದರಲ್ಲಿ ಒಂದು ಚೂರು ನನ್ನ ಅಂಗಳದಲ್ಲೂ ಇರಲಿ ಅಂತ ಆಸೆ.

ಪಕ್ಕದ ಮನೆಯ ಮೇಷ್ಟ್ರಿಗೆ ಇದು ಸುತಾರಾಂ ಇಷ್ಟವಿಲ್ಲ. "ಹಾವು ಬರುತ್ತಮ್ಮ, ಕೀಳಿಸಿಬಿಡು" ಎಂದು ವಾರಕ್ಕೊಮ್ಮೆ ಹೇಳುತ್ತಾರೆ. ಅವರದು ಮೆಕ್ಸಿಕನ್ ಗ್ರಾಸ್ ಲಾನು. ವಾಣಿವಿಲಾಸ ಜಲಾಶಯದಿಂದ ಬರುವ ನೀರನ್ನು ದಿನಾ ಕುಡಿಸುತ್ತಾರೆ. ಮೊಮ್ಮಕ್ಕಳು ಅದರ ಮೇಲೆ ಕಾಲಿಡುವ ಹಾಗಿಲ್ಲ. ಒಳ್ಳೆಯ ಮನುಷ್ಯರೇ, ಆದರೆ ಹುಲ್ಲಿನ ವಿಷಯ ಬಂದರೆ ಸ್ವಲ್ಪ ಜಾಸ್ತಿ.

ನಾನೇನು ಕಮ್ಮಿ? ಅಜ್ಜಿ ಕೇಳುವವರೆಗೆ ನಾನೂ ದಿನ ಬಿಟ್ಟು ದಿನ ನೀರು, ತಿಂಗಳಿಗೊಮ್ಮೆ ಗೊಬ್ಬರ ಹಾಕುತ್ತಿದ್ದೆ. ಬುಡಗಳು ದಪ್ಪಗಾದವು, ಕಡ್ಡಿಗಳು ಮಾತ್ರ ಸೊಂಟ ಮುರಿದವರಂತೆ ಅತ್ತಿತ್ತ ಬಿದ್ದಿದ್ದವು. ಬಿಸಿಲು ಸಾಲದೇನೋ ಅಂದುಕೊಂಡಿದ್ದೆ. ದುರ್ಗದಲ್ಲಿ ಬಿಸಿಲು ಸಾಲದಂತೆ!

ಅಜ್ಜಿ ಹೊರೆ ಇಳಿಸಿ ಒಳಗೆ ಬಂದಳು. ಒಂದು ಕಡ್ಡಿ ಬಗ್ಗಿಸಿ ನೋಡಿದಳು. "ಮೆತ್ತಗಾಗೈತೆ. ಕಲ್ಲು ನೆಲದಾಗೆ ಒಣಗಿ ಬೆಳೆದಿದ್ರೆ ಗಟ್ಟಿ." ತೆನೆ ಮುಟ್ಟಿದಳು. ಪ್ರತಿ ಕಾಳಿಗೂ ಮೂರು ಕೂದಲು. ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ, ನನ್ನ ಸೀರೆಯಂಚಿಗೆ ಕೇಳಿ. ಎಳೆಯದಿದ್ದಾಗ ಕುರಿ ಮೇಯುತ್ತವಂತೆ, ತೆನೆ ಬಲಿತ ಮೇಲೆ ಉಣ್ಣೆಗೆಲ್ಲ ಚುಚ್ಚುತ್ತದೆಂದು ಕುರಿಯವರು ಅತ್ತ ಹಾಯಿಸುವುದಿಲ್ಲವಂತೆ. ಕಡ್ಡಿ ಒಣಗಿದ ಮೇಲೆ ಕೊಯ್ದು, ತೆನೆ ಬಡಿದು, ಆಮೇಲೆ ಕಟ್ಟುವುದು. ಬುಡ ಗೇಣುದ್ದ ಬಿಟ್ಟರೆ ಮಳೆಗೆ ಮತ್ತೆ ಚಿಗುರುತ್ತದೆ.

ಆಮೇಲೆ ಬೆರಳು ಮಡಿಸಿ ಬುಡ ಎಣಿಸಿದಳು. ಇಪ್ಪತ್ತೆರಡು.

"ಎರಡು ಪರಕೆ ಆಗ್ತವೆ ನೋಡು."

ಎರಡು ವರ್ಷದ ತೋಟ, ಎರಡು ಪೊರಕೆ! ಇಬ್ಬರೂ ನಕ್ಕೆವು. ಅವಳ ನಗು ಸ್ವಲ್ಪ ಜೋರಾಗಿತ್ತು.

ನಾನು ಬೆಟ್ಟದಲ್ಲಿ ನಿಂತು ಗಾಳಿ, ಬಣ್ಣ ನೋಡಿದ್ದೆ. ಅದೇ ಬೆಟ್ಟದಲ್ಲಿ ಅವಳು ಬಗ್ಗಿ ಕಡ್ಡಿ ಕೊಯ್ದಿದ್ದಳು. ಹುಲ್ಲಿನ ಗುಣ ಗೊತ್ತಿದ್ದದ್ದು ಬಗ್ಗಿದವಳಿಗೆ. ಈಗ ಹಾಗೆ ಕೊಯ್ಯುವ ಜಾಗವೂ ಕಡಿಮೆಯಂತೆ. ಎಲ್ಲಾ ಕಡೆ ಬೇಲಿ, ಸೈಟು. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲು ನೆನಪಾಯಿತು. ದನ ಮೇಯಲೆಂದು ಬಿಟ್ಟಿದ್ದ ಆ ಹುಲ್ಲುಗಾವಲಿಗೂ ಬೇಲಿ ಬಿತ್ತು. ಹುಲ್ಲು ಬೆಳೆದಿರುವ ನೆಲವನ್ನು ನಾವು ಎಷ್ಟು ಸಲೀಸಾಗಿ 'ಖಾಲಿ ಜಾಗ' ಅಂತೀವಿ, ಅಲ್ವಾ? ಮೇಷ್ಟ್ರೂ ನನ್ನ ಅಂಗಳವನ್ನು ಹಾಗೇ ಕರೆಯುವುದು.

ಒಂದು ಪೊರಕೆ ತಗೊಂಡೆ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಹೊರಡುವಾಗ ಗೇಟಿನಿಂದಲೇ ಕೂಗಿದಳು, "ಒಣಗಿದ ಮ್ಯಾಲೆ ಬರ್ತೀನಿ. ಒಂದು ನಿಂಗೆ, ಒಂದು ನಂಗೆ. ಅಲ್ಲೀಗಂಟ ನೀರು ಬಿಡಬ್ಯಾಡ!"

ಇವತ್ತು ಬೆಳಗ್ಗೆ ಅಭ್ಯಾಸಬಲದಲ್ಲಿ ಪೈಪ್ ಹಿಡಿದು ಹುಲ್ಲಿನ ಹತ್ತಿರ ಹೋದೆ. ನೆನಪಾಗಿ ದಾಸವಾಳದ ಕಡೆ ತಿರುಗಿಸಿದೆ.