ಮೋಡ ತಿರುಗುವುದನ್ನು ಕಣ್ಣಾರೆ ಕಂಡೆ

ಅಮೆರಿಕದ ಓಕ್ಲಹೋಮಾ ರಾಜ್ಯಕ್ಕೆ ಹೋಗಿದ್ದೆ ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ: ಟಾರ್ನೆಡೊ ನೋಡಿದ್ಯಾ? ಇಲ್ಲ. ಸೂಪರ್‌ಸೆಲ್ ಅಂದರೆ ಒಳಗಿನ ಏರುಗಾಳಿಯೇ ತಿರುಗುವ ದೈತ್ಯ ಗುಡುಗು ಮೋಡ; ಹೆಚ್ಚಿನ ಸೂಪರ್‌ಸೆಲ್‌ಗಳಿಂದ ಟಾರ್ನೆಡೊ ಹುಟ್ಟುವುದೇ ಇಲ್ಲ. ಆದರೆ ಅಂಥ ಒಂದು ಸೂಪರ್‌ಸೆಲ್ ಮೋಡವನ್ನು ಬುಡದಿಂದ ತುದಿವರೆಗೆ ಪೂರ್ತಿ ನೋಡಿದೆ. ನನ್ನ ಪ್ರಕಾರ ನೋಡಬೇಕಾದದ್ದು ಅದೇ.

ಅಕ್ಕನ ಮಗ ಅಲ್ಲಿನ ನಾರ್ಮನ್ ಊರಿನಲ್ಲಿ ಹವಾಮಾನ ಶಾಸ್ತ್ರ ಓದುತ್ತಿದ್ದಾನೆ. ಮೇ ತಿಂಗಳ ಒಂದು ಮಧ್ಯಾಹ್ನ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಪಶ್ಚಿಮಕ್ಕೆ ಹೊರಟ. ಕ್ಲಿಂಟನ್ ಊರು ದಾಟಿ, ಗೋಧಿ ಹೊಲಗಳ ನಡುವಿನ ಕೆಂಪು ಮಣ್ಣಿನ ರಸ್ತೆಯಲ್ಲಿ ನಿಲ್ಲಿಸಿದ. ಮೋಡ ಇನ್ನೂ ದೂರದಲ್ಲಿತ್ತು, ವಾಯವ್ಯಕ್ಕೆ.

"ಇಲ್ಲೇ ಸಾಕು ಚಿಕ್ಕಮ್ಮ, ಹತ್ತಿರ ಹೋದ್ರೆ ಬರೀ ಮಳೆ ಕಾಣುತ್ತೆ" ಅಂದ. ಅವನ ಎಚ್ಚರಕ್ಕೆ ಇನ್ನೊಂದು ಕಾರಣವೂ ಇತ್ತು. 2013ರ ಮೇ 31ರಂದು ಇದೇ ರಾಜ್ಯದ ಎಲ್ ರೆನೊ ಬಳಿ ಸುಮಾರು 4.2 ಕಿ.ಮೀ. ಅಗಲದ ಟಾರ್ನೆಡೊ ಮಳೆಯೊಳಗೆ ಮರೆಯಾಗಿತ್ತು. ವರ್ಷಗಟ್ಟಲೆ ಟಾರ್ನೆಡೊಗಳನ್ನೇ ಅಳೆದಿದ್ದ ಟಿಮ್ ಸಮಾರಾಸ್ ಅವರಂಥ ಅನುಭವಿಯೂ ಅವತ್ತು ಉಳಿಯಲಿಲ್ಲ.

ಬಲಗಡೆ ಮಳೆ, ಆಲಿಕಲ್ಲು, ಎಲ್ಲ ಬೂದು ಬಣ್ಣ. ಎಡಗಡೆ ಮಳೆಯೇ ಇಲ್ಲದ ಚಪ್ಪಟೆ ಕಪ್ಪು ತಳ. ಅದರ ಮೇಲೆ ದುಂಡಗಿನ ಮೋಡ, ತಿಗರಿ ಮೇಲಿನ ಮಡಕೆಗೆ ಕುಂಬಾರನ ಬೆರಳ ಗೆರೆ ಬಿದ್ದಿರುತ್ತಲ್ಲ, ಹಾಗೆ ಸುತ್ತಲೂ ಗೆರೆಗಳು, ಮತ್ತು ಅದು ನಿಜವಾಗಿಯೂ ತಿರುಗುತ್ತಿತ್ತು, ಎಷ್ಟು ನಿಧಾನಕ್ಕೆ ಅಂದರೆ ಒಂದೇ ಗೆರೆ ಮೇಲೆ ಕಣ್ಣಿಟ್ಟು ಕಾದರೆ ಮಾತ್ರ ಗೊತ್ತಾಗುವಷ್ಟು. ತುದಿಯಲ್ಲಿ, 12–15 ಕಿ.ಮೀ. ಎತ್ತರದಲ್ಲಿ, ಇನ್ನು ಮೇಲೇರಲಾಗದ ಗಾಳಿ ಆನ್ವಿಲ್ ಆಗಿ, ಅಂದರೆ ಕಮ್ಮಾರನ ಅಡಿಗಲ್ಲಿನಂಥ ಚಪ್ಪಟೆ ಮೋಡವಾಗಿ, ನಮ್ಮ ತಲೆ ಮೇಲಿಂದ ಆಚೆಗೂ ಹರಡಿತ್ತು.

ನಮ್ಮ ಬೆನ್ನಿಗೆ ಬೆಚ್ಚನೆಯ ಗಾಳಿ ಒಂದೇ ಸಮ ಬೀಸುತ್ತಿತ್ತು. ಗೋಧಿ ತೆನೆಗಳೆಲ್ಲ ಮೋಡದ ಕಡೆಗೇ ಬಾಗಿದ್ದವು. ಮೆಕ್ಸಿಕೊ ಕೊಲ್ಲಿಯ ತೇವ ಹೊತ್ತು ತರುವ ಈ ಗಾಳಿಯಿಂದಲೇ ಮೋಡ ಬೆಳೆಯುವುದು. ಬೆಂಗಳೂರಲ್ಲಿ ಏಪ್ರಿಲ್ ಸಂಜೆಯ ಗುಡುಗು ಮಳೆ ಸಾಮಾನ್ಯವಾಗಿ ಬೇಗ ಮುಗಿದುಹೋಗುತ್ತದೆ ಅಲ್ವಾ? ಸುರಿಯುವ ಮಳೆ ಏರುವ ಗಾಳಿಯ ಮೇಲೇ ಬಿದ್ದು ಅದನ್ನು ಅಡಗಿಸಿಬಿಡುತ್ತದೆ. ಇಲ್ಲಿ ಹಾಗಲ್ಲ. ನೆಲದ ಹತ್ತಿರ ಆಗ್ನೇಯದ ಗಾಳಿ, ಮೇಲೆ ಇನ್ನೂ ಜೋರಾದ ಪಶ್ಚಿಮದ ಗಾಳಿ. ಈ ವ್ಯತ್ಯಾಸಕ್ಕೆ ನಡುವಿನ ಗಾಳಿ ಅಡ್ಡಡ್ಡ ಉರುಳುತ್ತದೆ, ಏರುಗಾಳಿ ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಾಗ ಏರುಗಾಳಿಯೇ ತಿರುಗತೊಡಗುತ್ತದೆ. ಮಳೆ ಬೀಳುವ ಜಾಗವೂ ಬೇರೆ. ಅದಕ್ಕೇ ಗಂಟೆಗಟ್ಟಲೆ ಬಾಳುತ್ತದೆ.

ಅಷ್ಟರಲ್ಲಿ ತಳದಿಂದ ಒಂದು ತುಂಡು ಕೆಳಗಿಳಿಯಿತು. ಇದಕ್ಕೆ ವಾಲ್ ಕ್ಲೌಡ್ ಅನ್ನುತ್ತಾರೆ, ಟಾರ್ನೆಡೊ ಹುಟ್ಟಿದರೆ ಸಾಮಾನ್ಯವಾಗಿ ಇಲ್ಲಿಂದಲೇ. ಮಳೆ ಕಡೆಯಿಂದ ಮೋಡದ ಎಳೆಗಳು ಅದರೊಳಗೆ ಓಡಿಹೋಗಿ ಸರಸರನೆ ಮೇಲೇರುತ್ತಿದ್ದವು. ಹುಡುಗ ಫೋನಿನಲ್ಲಿ ರೇಡಾರ್ ತೋರಿಸಿದ. ಸರಿಯಾಗಿ ಅದೇ ಜಾಗದಲ್ಲಿ ಕೊಕ್ಕೆ ಆಕಾರ, ತಿರುಗುವ ಗಾಳಿಯ ಸುತ್ತ ಮಳೆ ಸುತ್ತಿಕೊಂಡಿರುವ ಗುರುತು. ನನಗೆ ಮೈ ಜುಂ ಅಂತು.

ಮೋಡ ಹತ್ತಿರ ಬಂದ ಹಾಗೆ ಬೆನ್ನಿನ ಗಾಳಿ ನಿಂತು, ಮುಖಕ್ಕೆ ತಣ್ಣನೆ ಗಾಳಿ ಹೊಡೆಯಿತು. ಮೋಡದಿಂದಲೇ ಹೊರಬಿದ್ದ ತಂಪು ಗಾಳಿ ಅಡಿಯಲ್ಲಿ ನುಗ್ಗಿ ಬೆಚ್ಚನೆ ಗಾಳಿಯ ದಾರಿ ಮುಚ್ಚಿತ್ತು. ಸ್ವಲ್ಪ ಹೊತ್ತಿಗೆ ತಳ ಚಿಂದಿಯಾಯಿತು, ಗೆರೆಗಳು ಅಳಿಸಿಹೋದವು.

"ಇದರ ಕಥೆ ಮುಗೀತು ಚಿಕ್ಕಮ್ಮ, ಹೊರಡೋಣ" ಅಂದ. ದಕ್ಷಿಣಕ್ಕೆ ಇನ್ನೊಂದೇನಾದ್ರೂ ಬೆಳೀತಿದೆಯಾ ನೋಡು ಅಂದೆ.