ಪೊಟ್ಯಾಷ್ ಚೀಲವೂ ವಿಶ್ವಸಂಸ್ಥೆಯ ಮತವೂ

ನಮ್ಮದು ಮಂಡ್ಯದಲ್ಲಿ ಗೊಬ್ಬರದ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ಕಡೆಯ ಹೊಲಗಳಿಗೆ ನೀರುಣಿಸುವ ವಿ.ಸಿ. ನಾಲೆಗೆ ನೀರು ಬಿಟ್ಟರೆ ಊಟಕ್ಕೂ ಬಿಡುವಿರುವುದಿಲ್ಲ. ಉಳಿದ ಕಾಲದಲ್ಲಿ ಪೇಪರ್ ಓದಲು ಬೇಕಾದಷ್ಟು ಸಮಯ. ಓದುವುದರಲ್ಲಿ ನನಗೊಂದು ಚಟ ಇದೆ. ಎಲ್ಲಾದರೂ ಒಂದು ದೇಶ ಪಕ್ಕದ ದೇಶದ ಮೇಲೆ ಬಿದ್ದರೆ, ವಿಶ್ವಸಂಸ್ಥೆಯಲ್ಲಿ ಯಾರು ಯಾರ ಕಡೆ ಮತ ಹಾಕಿದರು ಅಂತ ಹುಡುಕಿ ನೋಡುತ್ತೇನೆ.

ಗೊಬ್ಬರ ಮಾರುವವನಿಗೆ ಇದೆಲ್ಲ ಯಾಕೆ ಅಂತೀರಾ? ಪೊಟ್ಯಾಷ್‌ನಿಂದ ಹತ್ತಿದ ಚಟ ಇದು. ಭತ್ತಕ್ಕೆ, ಅದಕ್ಕಿಂತ ಜಾಸ್ತಿ ಕಬ್ಬಿಗೆ ಬೇಕಾದ ಗೊಬ್ಬರ. ನಮ್ಮ ದೇಶಕ್ಕೆ ಬೇಕಾದ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದಲೇ ಬರಬೇಕು. ಕೆನಡಾ, ರಷ್ಯಾ, ಬೆಲಾರುಸ್, ಇಸ್ರೇಲ್, ಜೋರ್ಡಾನ್. ಈ ಐದು ಹೆಸರನ್ನು ಇನ್ನೊಂದು ಸಲ ಓದಿ. ಜಗಳದ ಸುದ್ದಿಯಲ್ಲಿ ಬರುವ ಹೆಸರುಗಳೇ ಜಾಸ್ತಿ, ಅಲ್ವಾ?

2022ರಲ್ಲಿ ಸಾವಿರದ ಆಸುಪಾಸಿನಲ್ಲಿದ್ದ 50 ಕೆ.ಜಿ. ಪೊಟ್ಯಾಷ್ ಚೀಲ 1,700 ರೂಪಾಯಿಗೆ ಹೋಯಿತು. ಕೆರಗೋಡು ಕಡೆಯ ಗೌಡರೊಬ್ಬರು ನಮ್ಮ ಹಳೇ ಗಿರಾಕಿ. ಗೊಬ್ಬರದ ಮಾರಾಟ ದಾಖಲಿಸುವ ಪಾಸ್ ಯಂತ್ರದ ಮೇಲೆ ಹೆಬ್ಬೆಟ್ಟು ಇಡಲು ಬಂದವರು ರೇಟು ಕೇಳಿ ಕೈ ಹಿಂದೆ ತಗೊಂಡರು.

"ಅಲ್ಲ ಕಣಪ್ಪ, ಯೂರಿಯಾ ಹಂಗೇ ಐತೆ. ಇದ್ಕೇನ್ ಬಂತು ರೋಗ?"

"ರಷ್ಯಾದೋರು ಯುದ್ಧ ಮಾಡ್ತಾವ್ರೆ ಗೌಡ್ರೇ. ಮಾಲು ಬರ್ತಿಲ್ಲ."

"ಅವ್ರವ್ರು ಹೊಡ್ದಾಡ್ಕಂಡ್ರೆ ನನ್ ಕಬ್ಬೇನ್ ಮಾಡಿತ್ತು?"

ಅವರು ಕೇಳಿದ್ದು ಸುಮ್ನೆ ಸಿಟ್ಟಿಗೆ. ಆದರೆ ಅದಕ್ಕೆ ನಿಜವಾದ ಉತ್ತರ ಇದೆ, ಸ್ವಲ್ಪ ಉದ್ದ.

ಬೆಲಾರುಸ್‌ಗೆ ಸಮುದ್ರ ಇಲ್ಲ. ಅದರ ಪೊಟ್ಯಾಷ್ ರೈಲಿನಲ್ಲಿ ಪಕ್ಕದ ಲಿಥುವೇನಿಯಾ ದಾಟಿ ಕ್ಲೈಪೆಡಾ ಬಂದರಿಗೆ ಹೋಗಿ, ಅಲ್ಲಿಂದ ಹಡಗು ಹತ್ತಬೇಕಿತ್ತು. ಬೆಲಾರುಸ್ ಸರ್ಕಾರದ ಮೇಲಿನ ಸಿಟ್ಟಿಗೆ ಅಮೆರಿಕ 2021ರಲ್ಲೇ ಅಲ್ಲಿನ ಪೊಟ್ಯಾಷ್ ಕಂಪನಿ ಮೇಲೆ ನಿರ್ಬಂಧ ಹಾಕಿತ್ತು. 2022ರ ಫೆಬ್ರುವರಿ 1ರಿಂದ ಲಿಥುವೇನಿಯಾ ಆ ರೈಲುಗಳನ್ನು ನಿಲ್ಲಿಸಿತು. ಅದೇ ತಿಂಗಳ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು, ಕೀವ್ ಕಡೆಗೆ ಸೈನ್ಯ ನುಗ್ಗಿದ್ದು ಬೆಲಾರುಸ್ ನೆಲದಿಂದ. ಮಾರ್ಚ್‌ನಲ್ಲಿ ಯೂರೋಪಿಯನ್ ಒಕ್ಕೂಟವೂ ಬೆಲಾರುಸ್ ಪೊಟ್ಯಾಷ್‌ಗೆ ಬಾಗಿಲು ಹಾಕಿತು. ಜಗತ್ತಿನ ಪೊಟ್ಯಾಷ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಈ ಎರಡು ದೇಶಗಳದ್ದೇ. ಇನ್ನೇನಾಗುತ್ತದೆ? ರೇಟು ಏರಿತು.

ಹಾಗಾದರೆ ಯೂರಿಯಾ ಯಾಕೆ 266 ರೂಪಾಯಿ 50 ಪೈಸೆಯಲ್ಲೇ ನಿಂತಿತ್ತು? ಅದರ ಹಿಂದೆಯೂ ಒಂದು ದಾಳಿಯ ನೆರಳಿದೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತ್‌ಗೆ ನುಗ್ಗಿತು. ಎಣ್ಣೆ ರೇಟು ಏರಿತು, ಕೊಲ್ಲಿಯಲ್ಲಿದ್ದ ನಮ್ಮವರು ಕಳಿಸುತ್ತಿದ್ದ ದುಡ್ಡು ನಿಂತಿತು. ಮೊದಲೇ ಸೊರಗಿದ್ದ ನಮ್ಮ ವಿದೇಶಿ ವಿನಿಮಯಕ್ಕೆ ಅದು ದೊಡ್ಡ ಪೆಟ್ಟು. ಅದೊಂದೇ ಕಾರಣ ಅಲ್ಲ, ಆದರೂ 1991ರಲ್ಲಿ ದೇಶ ಚಿನ್ನ ಅಡವಿಡುವ ಸ್ಥಿತಿಗೆ ಬಂತು. ಆ ಜುಲೈ ಬಜೆಟ್‌ನಲ್ಲಿ ಮನಮೋಹನ್ ಸಿಂಗ್ ಗೊಬ್ಬರದ ಬೆಲೆಯನ್ನು 40 ಪರ್ಸೆಂಟ್ ಏರಿಸಿದರು. ಗಲಾಟೆ ಆದ ಮೇಲೆ 30ಕ್ಕೆ ಇಳಿಸಿದರು. ಮರುವರ್ಷ ಆಗಸ್ಟ್‌ನಲ್ಲಿ ಡಿಎಪಿ (ರಂಜಕದ ಗೊಬ್ಬರ), ಪೊಟ್ಯಾಷ್‌ಗಳನ್ನು ಬೆಲೆ ನಿಯಂತ್ರಣದಿಂದ ಬಿಟ್ಟುಬಿಟ್ಟರು. ಯೂರಿಯಾ ಮಾತ್ರ ಸರ್ಕಾರದ ಹಿಡಿತದಲ್ಲಿ ಉಳಿಯಿತು. 2022ರಲ್ಲಿ ಸರ್ಕಾರ ಸಬ್ಸಿಡಿ ಸುರಿದು ಡಿಎಪಿಯನ್ನೂ 1,350ಕ್ಕೆ ಹಿಡಿದು ನಿಲ್ಲಿಸಿತು. ಆ ವರ್ಷದ ಗೊಬ್ಬರ ಸಬ್ಸಿಡಿ ಸುಮಾರು ಎರಡೂವರೆ ಲಕ್ಷ ಕೋಟಿ. ಪೊಟ್ಯಾಷ್‌ಗೆ ಅಷ್ಟು ಅದೃಷ್ಟ ಇರಲಿಲ್ಲ. 1991ರಲ್ಲಿ ರೈತರ ಬೈಗುಳ ತಿಂದಿದ್ದು ಅಪ್ಪ. 2022ರಲ್ಲಿ ನನ್ನ ಸರದಿ.

ಈಗ ಮತದ ವಿಷಯ.

ದಾಳಿ ಶುರುವಾದ ಮಾರನೇ ದಿನವೇ ಭದ್ರತಾ ಮಂಡಳಿಯಲ್ಲಿ ರಷ್ಯಾ ವಿರುದ್ಧ ನಿರ್ಣಯ ಬಂತು. 15ರಲ್ಲಿ 11 ದೇಶ ಪರ. ಭಾರತ, ಚೀನಾ, ಯುಎಇ ಯಾವ ಕಡೆಗೂ ಮತ ಹಾಕಲಿಲ್ಲ. ವಿರೋಧ ಒಂದೇ, ರಷ್ಯಾದ್ದು. ರಷ್ಯಾಗೆ ವೀಟೋ, ಅಂದರೆ ಒಬ್ಬರೇ ಬೇಡ ಅಂದರೂ ನಿರ್ಣಯ ತಡೆಯುವ ಅಧಿಕಾರ, ಇದ್ದದ್ದರಿಂದ ನಿರ್ಣಯ ಬಿದ್ದುಹೋಯಿತು. ಆ ತಿಂಗಳು ಮಂಡಳಿಯ ಅಧ್ಯಕ್ಷ ಸ್ಥಾನವೂ ರಷ್ಯಾದ ಕೈಯಲ್ಲೇ ಇತ್ತು! ಪಕ್ಕದವನ ಬದು ಕಿತ್ತವನೇ ಅರಳಿಕಟ್ಟೆ ಮೇಲೆ ಯಜಮಾನನಾಗಿ ಕೂತು ನ್ಯಾಯ ಹೇಳಿದ ಹಾಗೆ.

(ಈ ವೀಟೋ ಇರುವ ವಿಶ್ವಸಂಸ್ಥೆ ಸನ್ನದಿಗೆ 1945ರಲ್ಲಿ ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಒಬ್ಬರು. ಮರುವರ್ಷ ಅವರೇ ಮೈಸೂರಿಗೆ ದಿವಾನರಾಗಿ ಬಂದರು. 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಚಳವಳಿಯಲ್ಲಿ ನಮ್ಮ ಹಿರಿಯರು 'ಆರ್ಕಾಟ್ ಬಾಯ್ಕಾಟ್' ಅಂತ ಬೀದಿ ಬೀದಿಯಲ್ಲಿ ಕೂಗಿದ್ದು ಇವರನ್ನೇ ಕುರಿತು.)

ಮಂಡಳಿಯಲ್ಲಿ ದಾರಿ ಮುಚ್ಚಿದಾಗ ಎಲ್ಲ ದೇಶಗಳೂ ಇರುವ ಮಹಾಸಭೆಗೆ ಹೋಗಬಹುದು. ಕೊರಿಯಾ ಯುದ್ಧದ ಕಾಲದಲ್ಲಿ, 1950ರಲ್ಲಿ, ಮಾಡಿಕೊಂಡ ಏರ್ಪಾಡು ಅದು. ಅಲ್ಲಿ ವೀಟೋ ಇಲ್ಲ. ಆದರೆ ಅಲ್ಲಿ ಹೇಳಿದ್ದನ್ನು ಕೇಳಲೇಬೇಕು ಅಂತಲೂ ಇಲ್ಲ. 2022ರ ಮಾರ್ಚ್ 2ರಂದು 141 ದೇಶ ರಷ್ಯಾ ವಾಪಸ್ ಹೋಗಲಿ ಅಂದವು. ಐದು ದೇಶ ವಿರೋಧ: ರಷ್ಯಾ, ಬೆಲಾರುಸ್, ಉತ್ತರ ಕೊರಿಯಾ, ಸಿರಿಯಾ, ಎರಿಟ್ರಿಯಾ. ತಟಸ್ಥ ಇದ್ದದ್ದು 35. ಅದರಲ್ಲಿ ನಾವೂ ಇದ್ದೆವು.

141 ದೊಡ್ಡ ಸಂಖ್ಯೆ. ಆದರೆ ಐದು ವಾರ ಬಿಟ್ಟು, ಏಪ್ರಿಲ್ 7ರಂದು, ರಷ್ಯಾವನ್ನು ಮಾನವ ಹಕ್ಕುಗಳ ಮಂಡಳಿಯಿಂದ ಹೊರಗಿಡಬೇಕಾ ಅಂತ ಕೇಳಿದಾಗ ಪರವಾಗಿ ಬಂದದ್ದು 93 ಮತ. ವಿರೋಧ 24, ತಟಸ್ಥ 58. ಇನ್ನು ನಿರ್ಬಂಧ ಹಾಕಿ ವ್ಯಾಪಾರ ಬಿಟ್ಟವರು ಯಾರು ಅಂತ ನೋಡಿದರೆ ಯೂರೋಪ್, ಅಮೆರಿಕ, ಕೆನಡಾ, ಜಪಾನ್, ಆಸ್ಟ್ರೇಲಿಯಾ, ಹೀಗೆ ಪಟ್ಟಿ ಬೇಗ ಮುಗಿಯುತ್ತದೆ. ಕೈಯಿಂದ ಖರ್ಚಾಗುವ ಹೊತ್ತಿಗೆ ಜನ ಕರಗುತ್ತಾರೆ. ಆ ಅಮೆರಿಕವೂ ಗೊಬ್ಬರದ ವ್ಯಾಪಾರಕ್ಕೆ ನಮ್ಮ ನಿರ್ಬಂಧ ಅಡ್ಡಿಯಿಲ್ಲ ಅಂತ ಮಾರ್ಚ್‌ನಲ್ಲೇ ಕಾಗದ ಹೊರಡಿಸಿತು. ಎಲ್ಲರ ಹೊಲಕ್ಕೂ ಗೊಬ್ಬರ ಬೇಕಲ್ಲ.

ಇಲ್ಲಿ ನಾನು ತುಂಬ ಗಮನಿಸಿದ್ದು ಬ್ರೆಜಿಲ್ ದೇಶವನ್ನು. ಅವರೂ ನಮ್ಮ ಹಾಗೇ, ಗೊಬ್ಬರಕ್ಕೆ ಹೊರಗಿನವರ ಮುಖ ನೋಡುವವರು. ರಷ್ಯಾ ಗೊಬ್ಬರ ಇಲ್ಲದೆ ಅವರ ಸೋಯಾ ಬೆಳೆ ಏಳುವುದಿಲ್ಲ. ಯುದ್ಧಕ್ಕೆ ಒಂದು ವಾರ ಮುಂಚೆ ಅಲ್ಲಿನ ಅಧ್ಯಕ್ಷ ಬೊಲ್ಸೊನಾರೊ ಮಾಸ್ಕೋಗೆ ಹೋಗಿ ಗೊಬ್ಬರದ ಮಾತಾಡಿ ಬಂದಿದ್ದರು. ಅಂಥ ಬ್ರೆಜಿಲ್ ಮಾರ್ಚ್ 2ರಂದು ರಷ್ಯಾ ವಿರುದ್ಧ ಮತ ಹಾಕಿತು. ನಿರ್ಬಂಧ ಮಾತ್ರ ಹಾಕಲಿಲ್ಲ. ಏಪ್ರಿಲ್‌ನಲ್ಲಿ ತಟಸ್ಥ. 2023ರ ಫೆಬ್ರುವರಿಯಲ್ಲಿ ಸರ್ಕಾರ ಬದಲಾಗಿ ಲೂಲಾ ಬಂದಿದ್ದರೂ ಮತ್ತೆ ರಷ್ಯಾ ವಿರುದ್ಧವೇ ಮತ. ಅಷ್ಟಾದರೂ ರಷ್ಯಾ ಅವರಿಗೆ ಗೊಬ್ಬರ ಕಳಿಸುವುದನ್ನು ನಿಲ್ಲಿಸಲಿಲ್ಲ. ತಪ್ಪನ್ನು ತಪ್ಪು ಅಂದರು, ಚೀಲವನ್ನೂ ತಗೊಂಡರು.

ನಾವು ಯಾಕೆ ಹಾಗೆ ಮಾಡಲಿಲ್ಲ? ಮೈಸೂರಿನಲ್ಲಿ ನನ್ನ ಭಾವಮೈದ ಇದ್ದಾನೆ, ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಾನೆ. ಈ ವಿಷಯದಲ್ಲಿ ನನಗೂ ಅವನಿಗೂ ಯಾವಾಗಲೂ ಜಗಳ. "ಭಾವ, ನೀವು 1971 ಮರೀತೀರ" ಅಂತಾನೆ. ಮರೆತಿಲ್ಲ. ಆಗ ಬಾಂಗ್ಲಾ ಯುದ್ಧದಲ್ಲಿ ಗಡಿ ದಾಟಿ ಹೋಗಿದ್ದವರು ನಾವು. ಒಂದು ಕೋಟಿ ನಿರಾಶ್ರಿತರು ನಮ್ಮ ಕಡೆ ಬಂದಿದ್ದರು, ಮೊದಲು ನಮ್ಮ ವಿಮಾನ ನಿಲ್ದಾಣಗಳ ಮೇಲೆ ಬಾಂಬ್ ಹಾಕಿದ್ದು ಪಾಕಿಸ್ತಾನ. ಕಾರಣಕ್ಕೆ ಕೊರತೆ ಇರಲಿಲ್ಲ. ಆದರೂ ಡಿಸೆಂಬರ್ 7ರಂದು ಮಹಾಸಭೆಯಲ್ಲಿ 104 ದೇಶ ಯುದ್ಧ ನಿಲ್ಲಿಸಿ, ಸೈನ್ಯ ವಾಪಸ್ ಕರೆಸಿ ಅಂದವು. ನಮ್ಮ ಜೊತೆ ಸೇರಿ ವಿರೋಧಿಸಿದ್ದು ಬರೀ 11. ಮಂಡಳಿಯಲ್ಲಿ ನಮ್ಮನ್ನು ಉಳಿಸಿದ್ದು ಸೋವಿಯತ್ ವೀಟೋ, ಅದೂ ಮತ್ತೆ ಮತ್ತೆ. ಆ ಸಮಯ ಸಿಗದೇ ಇದ್ದರೆ ಡಿಸೆಂಬರ್ 16ರ ಢಾಕಾ ಶರಣಾಗತಿ ಆಗುತ್ತಿತ್ತಾ ಅಂತ ಅವನು ಕೇಳಿದರೆ ನನಗೂ ಬಾಯಿ ಕಟ್ಟುತ್ತದೆ.

ಆದರೆ ಆ 11ರ ಪಟ್ಟಿ ತೆಗೆದು ಓದಿ ಅಂತ ಅವನಿಗೆ ನಾನು ಹೇಳಿದೆ. ಭಾರತ, ಭೂತಾನ್, ಕ್ಯೂಬಾ, ಮಂಗೋಲಿಯಾ, ಪೂರ್ವ ಯೂರೋಪಿನ ಕೆಲವು ದೇಶ, ಸೋವಿಯತ್ ಒಕ್ಕೂಟ. ಅದರ ಜೊತೆಗೆ ಪ್ರತ್ಯೇಕ ಸ್ಥಾನ ಇದ್ದ ಬೆಲಾರುಸ್ ಮತ್ತು ಉಕ್ರೇನ್! ಹೌದು, ಉಕ್ರೇನ್ ಆವತ್ತು ನಮ್ಮ ಕಡೆ. ಮಾಸ್ಕೋ ಹೇಳಿದಂತೆ ಹಾಕಿದ ಮತ ಅದು, ಒಪ್ಪುತ್ತೇನೆ. ಅವನೂ ಬಿಡಲಿಲ್ಲ. ಅದೇ ಉಕ್ರೇನ್ 90ರ ದಶಕದ ಕೊನೆಗೆ ಪಾಕಿಸ್ತಾನಕ್ಕೆ 320 ಟ್ಯಾಂಕ್ ಮಾರಿತಲ್ಲ, ಅದು ಯಾವ ಲೆಕ್ಕ ಅಂದ. ಮಾರಿದ್ದು ನಿಜ. ಹಳೇ ಲೆಕ್ಕ ತೆಗೆಯುತ್ತಾ ಕೂತರೆ ಎಲ್ಲರ ಪುಸ್ತಕದಲ್ಲೂ ಎಲ್ಲರ ಬಾಕಿ ಇರುತ್ತದೆ.

2022ರ ಮಾರ್ಚ್ ಮೊದಲ ವಾರದ ಮಟ್ಟಿಗೆ ನಾವು ತಟಸ್ಥ ಇದ್ದದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿ ದಾಳಿಗೆ ಸಿಕ್ಕಿ ತೀರಿಕೊಂಡ. ಸಾವಿರಾರು ಮಕ್ಕಳು ನೆಲಮಾಳಿಗೆಗಳಲ್ಲಿ ಕೂತಿದ್ದರು. ಅವರು ಹೊರಗೆ ಬರಬೇಕಾದರೆ ಎರಡೂ ಕಡೆಯವರು ದಾರಿ ಬಿಡಬೇಕಿತ್ತು. ಮಾರನೇ ದಿನ ಮಹಾಸಭೆಯಲ್ಲಿ ನಮ್ಮ ಪ್ರತಿನಿಧಿ ತಿರುಮೂರ್ತಿ ಅವರು ವಿದ್ಯಾರ್ಥಿಗಳಿಗೆ ಸುರಕ್ಷಿತ ದಾರಿ ಬೇಕು ಅಂತ ಕೇಳಿದರು, ಮತ ಹಾಕಲಿಲ್ಲ. ಆವತ್ತು ಬೇರೆ ಯಾರೇ ಆ ಕುರ್ಚಿಯಲ್ಲಿದ್ದರೂ ಅದನ್ನೇ ಮಾಡಬೇಕಿತ್ತು. 22 ಸಾವಿರಕ್ಕೂ ಜಾಸ್ತಿ ಜನ ವಾಪಸ್ ಬಂದರು.

ನನ್ನ ತಕರಾರು ಆಮೇಲಿನದ್ದು. ಮಕ್ಕಳು ಮನೆಗೆ ಬಂದರು. ಸೆಪ್ಟೆಂಬರ್‌ನಲ್ಲಿ ಸಮರ್‌ಕಂಡ್‌ನಲ್ಲಿ ಪ್ರಧಾನಿ ಮೋದಿ ಇದು ಯುದ್ಧದ ಕಾಲ ಅಲ್ಲ ಅಂತ ಪುಟಿನ್ ಎದುರಿಗೇ ಹೇಳಿದರು. ನನಗೆ ಖುಷಿಯಾಗಿತ್ತು. ಅಷ್ಟು ಹೇಳಿದ ಮೇಲೂ 2023ರ ಫೆಬ್ರುವರಿಯಲ್ಲಿ ಮತ ಬಂದಾಗ ಮತ್ತೆ ತಟಸ್ಥ.

2025ರ ಮೇ ತಿಂಗಳಲ್ಲಿ ಇದರ ರುಚಿ ನಮಗೂ ಸಿಕ್ಕಿತು. ಪಹಲ್ಗಾಮ್‌ನಲ್ಲಿ ಏಪ್ರಿಲ್ 22ರಂದು ಉಗ್ರರು 26 ಜನರನ್ನು ಕೊಂದಿದ್ದರು. ಭದ್ರತಾ ಮಂಡಳಿ ಖಂಡಿಸಿತು, ಆದರೆ ಮಾಡಿದ ಸಂಘಟನೆಯ ಹೆಸರು ಆ ಹೇಳಿಕೆಯಲ್ಲಿ ಇರಲಿಲ್ಲ. ಆಗ ಪಾಕಿಸ್ತಾನವೂ ಮಂಡಳಿಯ ಸದಸ್ಯ. ಮೇ 7ರಂದು ನಮ್ಮವರು ದಾಳಿ ಮಾಡಿದ ಮೇಲೆ ಹೆಚ್ಚಿನ ದೇಶಗಳಿಂದ ಒಂದೇ ಹೇಳಿಕೆ: ಎರಡೂ ಕಡೆಯವರು ಸಂಯಮ ತೋರಿಸಲಿ. ಅಂಗಡಿಯಲ್ಲಿ ಟಿವಿ ನೋಡುತ್ತಿದ್ದವರೆಲ್ಲ ಕೆಂಡವಾದರು. ಹೊಡೆದವನೂ ಹೊಡೆಸಿಕೊಂಡವನೂ ಒಂದೇನಾ? ಟರ್ಕಿ ಪಾಕಿಸ್ತಾನದ ಪರ ನಿಂತಿದ್ದಕ್ಕೆ ಅಲ್ಲಿನ ಸೇಬು ಬೇಡ ಅಂದರು. ಜೈಪುರದ ಮಿಠಾಯಿ ಅಂಗಡಿಯವರು ಮೈಸೂರು ಪಾಕ್‌ಗೆ ಮೈಸೂರು ಶ್ರೀ ಅಂತ ಹೆಸರಿಟ್ಟರು. ಮೈಸೂರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಅದು ಬೇರೆ ಮಾತು.

ಆ ಸಿಟ್ಟು ನನಗೂ ಬಂದಿತ್ತು. ಅದರ ಜೊತೆಗೇ, 2022ರಲ್ಲಿ ನಮ್ಮ ಹೇಳಿಕೆ ಓದಿದ ಉಕ್ರೇನಿನವನಿಗೆ ಹೀಗೇ ಉರಿದಿರಬೇಕು ಅಂತಲೂ ಅನಿಸಿತು.

ಒಂದೇ ತಿಂಗಳಲ್ಲಿ ಇನ್ನೊಂದು ನೋಡಿದೆವು. ಜೂನ್ 13ಕ್ಕೆ ಇಸ್ರೇಲ್ ಇರಾನ್ ಮೇಲೆ ದಾಳಿ ಮಾಡಿತು. ನಾವೂ ಸದಸ್ಯರಾಗಿರುವ ಶಾಂಘೈ ಸಹಕಾರ ಸಂಘಟನೆ ಇಸ್ರೇಲನ್ನು ಖಂಡಿಸಿತು. ನಾವು ಆ ಹೇಳಿಕೆಗೆ ಸೇರಿಲ್ಲ ಅಂದೆವು. ಜುಲೈನಲ್ಲಿ ಬ್ರೆಜಿಲ್ ದೇಶದ ರಿಯೊದಲ್ಲಿ, ನಾವೂ ಇರುವ ಬ್ರಿಕ್ಸ್ ಕೂಟದ ದೇಶಗಳು ಇರಾನ್ ಮೇಲಿನ ದಾಳಿಯನ್ನು ಖಂಡಿಸಿದವು, ದಾಳಿ ಮಾಡಿದವರ ಹೆಸರು ಹಾಕದೆ. ಅದಕ್ಕೆ ನಾವು ಒಪ್ಪಿದೆವು. ಇಸ್ರೇಲ್ ಪೊಟ್ಯಾಷ್ ಕಳಿಸುತ್ತದೆ, ಅದಕ್ಕಿಂತ ಮುಖ್ಯವಾಗಿ ಆಯುಧ ಕಳಿಸುತ್ತದೆ. ಇರಾನ್‌ನಲ್ಲಿ ಚಾಬಹಾರ್ ಬಂದರಿಗೆ ನಾವು ದುಡ್ಡು ಹಾಕಿದ್ದೇವೆ.

"ಹಾಗಾದ್ರೆ ನೀವು ಆ ಕುರ್ಚಿಲಿ ಇದ್ದಿದ್ರೆ ಏನ್ ಮಾಡ್ತಿದ್ರಿ ಭಾವ?" ಅಂತ ಹೋದ ವಾರ ಭಾವಮೈದ ಫೋನಿನಲ್ಲಿ ಕೇಳಿದ.

2022ರಲ್ಲಿ ತಟಸ್ಥ, 2023ರಲ್ಲಿ ಬ್ರೆಜಿಲ್ ಹಾಗೆ ರಷ್ಯಾ ವಿರುದ್ಧ ಮತ, ವ್ಯಾಪಾರ ಮಾತ್ರ ಯಥಾಪ್ರಕಾರ ಅಂದೆ. ಬ್ರೆಜಿಲ್‌ಗೆ ಚೀನಾ ಗಡಿ ಇಲ್ಲ ಭಾವ, ಅವರ ಟ್ಯಾಂಕಿಗೆ ರಷ್ಯಾದ ಸ್ಪೇರ್ ಪಾರ್ಟ್ಸ್ ಬೇಕಾಗಿಲ್ಲ, ಗಲ್ವಾನಿನಲ್ಲಿ ಚೀನಾ ಜೊತೆ ಹೊಡೆದಾಟ ಆಗಿ ಇನ್ನೂ ಮೂರು ವರ್ಷವೂ ಆಗಿರಲಿಲ್ಲ ಅಂದ. ಅವನ ಮಾತಿನಲ್ಲಿ ಹುರುಳಿದೆ. ಆದರೂ ಆ ವರ್ಷ ನಮಗೆ ಕಚ್ಚಾ ಎಣ್ಣೆ ಮಾರುವ ಅವಸರ ರಷ್ಯಾಗೇ ಜಾಸ್ತಿ ಇತ್ತು. ಯೂರೋಪ್ ಹೆಚ್ಚುಕಡಿಮೆ ಕೊಳ್ಳುವುದನ್ನು ಬಿಟ್ಟಿತ್ತು, ದೊಡ್ಡ ಗಿರಾಕಿ ಅಂದರೆ ನಾವು ಮತ್ತು ಚೀನಾ. ಅಂಥ ಗಿರಾಕಿ ಒಂದು ಮತ ಎದುರು ಹಾಕಿದ ಅಂತ ಯಾವ ಅಂಗಡಿಯವನೂ ಬಾಗಿಲು ಹಾಕಿಕೊಳ್ಳುವುದಿಲ್ಲ. ಇದನ್ನು ನಾನು ಇತಿಹಾಸ ಓದಿ ಹೇಳುತ್ತಿಲ್ಲ, ಗಲ್ಲಾದ ಹಿಂದೆ ಕೂತು ಹೇಳುತ್ತಿದ್ದೇನೆ ಅಂದೆ. ಅವನು ಒಪ್ಪಲಿಲ್ಲ. ದಸರಾಕ್ಕೆ ಮನೆಗೆ ಬರುತ್ತೀನಿ, ಅಲ್ಲಿ ಮುಂದುವರಿಸೋಣ ಅಂದಿದ್ದೇನೆ.